ಕದ್ದ ಕಾರ್ಡಿನ ನಷ್ಟ ಸಣ್ಣ ವ್ಯಾಪಾರಿಗೇ ಏಕೆ?

ಮಾನ್ಯರೇ,

ಕದ್ದ ಕ್ರೆಡಿಟ್ ಕಾರ್ಡ್ ಬಳಸಿ ಆನ್‌ಲೈನ್‌ನಲ್ಲಿ ಸಾಮಾನು ತರಿಸಿಕೊಳ್ಳುವ ವಂಚನೆಯಲ್ಲಿ ಕೊನೆಗೆ ಪೆಟ್ಟು ಬೀಳುವುದು ಸಣ್ಣ ವ್ಯಾಪಾರಿಗೆ. ಕಾರ್ಡಿನ ನಿಜವಾದ ಮಾಲೀಕರು ದೂರು ಕೊಟ್ಟರೆ ಬ್ಯಾಂಕು ಹಣ ವಾಪಸ್ ಮಾಡುತ್ತದೆ. ಅದು ಸರಿಯೇ. ಆದರೆ ಆ ಹಣ ಸಾಮಾನ್ಯವಾಗಿ ವ್ಯಾಪಾರಿಯ ಖಾತೆಯಿಂದಲೇ ಹೋಗುತ್ತದೆ, ಮೇಲೆ ಹೀಗೆ ಹಣ ವಾಪಸ್ ಹೋದದ್ದಕ್ಕೆ ವ್ಯಾಪಾರಿಗೇ ಹಾಕುವ ಚಾರ್ಜ್‌ಬ್ಯಾಕ್ ಶುಲ್ಕ ಬೇರೆ! ದೂರು ಬರಲು ಎಷ್ಟೋ ಸಲ ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಸಾಮಾನು ಯಾರದೋ ಕೈಗೆ ಅಗ್ಗಕ್ಕೆ ಮಾರಾಟವಾಗಿರುತ್ತದೆ. ದೊಡ್ಡ ಕಂಪನಿಗಳಿಗೆ ಇದನ್ನು ಪತ್ತೆ ಹಚ್ಚಲು ತಂಡಗಳೇ ಇರುತ್ತವೆ. ಒಬ್ಬರೇ ಕೂತು ಪ್ಯಾಕ್ ಮಾಡಿ ಕಳಿಸುವವರು ಏನು ಮಾಡಬೇಕು?

ಹಣ ಕಟ್ಟುವಾಗ ಕಾರ್ಡಿನ ಮಾಲೀಕರೇ ಹೌದೋ ಎಂದು ಒಟಿಪಿ ಕೇಳಿ ನೋಡುವ 3ಡಿ ಸೆಕ್ಯೂರ್ ಪರಿಶೀಲನೆ ಆಗಿದ್ದರೆ ಇಂಥ ನಷ್ಟದ ಹೊಣೆ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಈ ಪರಿಶೀಲನೆ ಕಡ್ಡಾಯವಲ್ಲದ ಕಡೆಗಳಲ್ಲೂ, ಅಂಗಡಿಗಳ ಪರವಾಗಿ ಆನ್‌ಲೈನ್ ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇ ಕಂಪನಿಗಳು ಸಣ್ಣ ಅಂಗಡಿಗಳಿಗೆ ಈ ಸೌಲಭ್ಯವನ್ನು ಮೊದಲ ದಿನದಿಂದಲೇ, ಜಾಸ್ತಿ ದುಡ್ಡು ಕೇಳದೆ, ಆನ್ ಮಾಡಿ ಕೊಡಲಿ.

– ಒಬ್ಬ ಓದುಗ