ಟೆಕ್ನಿಕಲ್ ರೈಟಿಂಗ್ ಓದಲು ಹೊರಟ ತಂಗಿಗೆ

ಪ್ರೀತಿಯ ತಂಗಿ,

ಟೆಕ್ನಿಕಲ್ ರೈಟಿಂಗ್‌ನಲ್ಲಿ, ಅಂದರೆ ಯಂತ್ರ, ಸಾಫ್ಟ್‌ವೇರ್‌ಗಳ ಕೈಪಿಡಿ ಬರೆಯುವ ವಿದ್ಯೆಯಲ್ಲಿ, ಮಾಸ್ಟರ್ಸ್ ಮಾಡೋಕೆ ಅಮೆರಿಕದ ಯಾವ ವಿಶ್ವವಿದ್ಯಾಲಯ ಒಳ್ಳೆಯದು ಅಂತ ಕೇಳಿದ್ದೀಯ. ರ‍್ಯಾಂಕ್ ಪಟ್ಟಿ ಪಕ್ಕಕ್ಕಿಡು. ನಿನ್ನ ಕೈಯಲ್ಲಿ ಏನೇನು ಬರೆಸುತ್ತಾರೆ, ಅದನ್ನು ಯಾರು ತಿದ್ದುತ್ತಾರೆ, ಅಷ್ಟು ನೋಡು.

ವಿಭಾಗಕ್ಕೆ ಮೇಲ್ ಮಾಡಿ ಹಿಂದಿನ ವರ್ಷದ ಸಿಲಬಸ್ ತರಿಸಿಕೊ. ಅಮೆರಿಕದಲ್ಲಿ ಈ ಎಂ.ಎ. ಸಾಮಾನ್ಯವಾಗಿ 30ರಿಂದ 36 ಕ್ರೆಡಿಟ್, ಅಂದರೆ ಹತ್ತು ಹನ್ನೆರಡು ಕೋರ್ಸ್ ಅಷ್ಟೆ. ಇಂಗ್ಲಿಷ್ ವಿಭಾಗದೊಳಗೇ ನಡೆಯುವ ಕಡೆ ಬಹುಪಾಲು ಸಿದ್ಧಾಂತದಲ್ಲೇ ಮುಗಿದುಹೋಗುವುದುಂಟು. ಪಿಎಚ್.ಡಿ. ಗುರಿಯಿದ್ದರೆ ಸರಿ. ಕೆಲಸ ಬೇಕಿದ್ದರೆ ಎಪಿಐ ದಾಖಲೆ (ಒಂದು ಸಾಫ್ಟ್‌ವೇರ್ ಇನ್ನೊಂದರೊಡನೆ ವ್ಯವಹರಿಸುವ ಬಗೆಯ ವಿವರ), ಕೈಪಿಡಿಯನ್ನು ತುಂಡುಗಳಾಗಿ ಬರೆದು ಜೋಡಿಸುವ ಡಿಟಾ ಎಕ್ಸ್‌ಎಂಎಲ್, ತಿದ್ದುಪಡಿಗಳ ಲೆಕ್ಕ ಇಡುವ ಗಿಟ್ ಇರಲಿ. ಬಳಕೆದಾರರನ್ನು ಎದುರಿಗೆ ಕೂರಿಸಿಕೊಂಡು ಕೈಪಿಡಿ ಪರೀಕ್ಷಿಸುವ ಕೋರ್ಸ್ ಇರಲೇಬೇಕು. ಟೂಲ್‌ಗಳನ್ನು ಆಫೀಸಿನಲ್ಲೂ ಕಲಿಯಬಹುದು ಕಣಮ್ಮ, ಓದುವವರು ಎಲ್ಲಿ ಎಡವುತ್ತಾರೆಂದು ನೋಡುವ ಅಭ್ಯಾಸವನ್ನು ಡೆಡ್‌ಲೈನ್ ನಡುವೆ ಯಾರೂ ಹೇಳಿಕೊಡುವುದಿಲ್ಲ. ಈ ವೃತ್ತಿಯವರ ಅಮೆರಿಕದ ಸಂಘ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಷನ್ 2025ರ ಜನವರಿಯಲ್ಲೇ ಮುಚ್ಚಿತು. ಅದರ ಸದಸ್ಯತ್ವ ಕೊಡಿಸುತ್ತೇವೆಂದು ಪ್ರಾಸ್ಪೆಕ್ಟಸ್ ಇನ್ನೂ ಹೇಳುತ್ತಿದ್ದರೆ, ತಮ್ಮ ಬರಹವನ್ನೇ ಅವರು ತಿದ್ದಿಲ್ಲ.

ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಂಥ ಕಡೆಗೆ ಮನಸ್ಸಿದ್ದರೆ, ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ (ಪದ, ವಾಕ್ಯಗಳಿಗೆ ಮಿತಿ ಹಾಕಿದ ಸರಳ ಇಂಗ್ಲಿಷ್) ಕಲಿಸುತ್ತಾರಾ ಕೇಳು. ವಿಮಾನ ರಂಗದ ದುರಸ್ತಿ ಕೈಪಿಡಿಗಳಿಗಾಗಿಯೇ ಹುಟ್ಟಿದ್ದು ಅದು. ಹೆಜ್ಜೆ ಹೇಳುವ ವಾಕ್ಯ 20 ಪದ ಮೀರುವಂತಿಲ್ಲ.

ನಿನ್ನದು ಮೂರು ವರ್ಷದ ಡಿಗ್ರಿ. ಕೆಲವು ಕಡೆ ನಾಲ್ಕು ವರ್ಷದ್ದೇ ಬೇಕೆನ್ನುತ್ತಾರೆ, ಅರ್ಜಿ ಶುಲ್ಕ ಕಟ್ಟುವ ಮೊದಲೇ ಕೇಳಿಕೊ. ಈಗಿನ ನಿಯಮದಲ್ಲಿ ಓದು ಮುಗಿದ ಮೇಲೆ ಅಲ್ಲಿ 12 ತಿಂಗಳು ಕೆಲಸ ಮಾಡಬಹುದು. ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಅಲ್ಲಿ ಪ್ರತಿ ಕೋರ್ಸಿಗೂ ವಿಷಯ ಗುರುತಿಸುವ ಕೋಡ್ ಇರುತ್ತದೆ; 23.1303 ಎಂಬ ಪ್ರೊಫೆಷನಲ್ ರೈಟಿಂಗ್ ಕೋಡ್ ಆ ಪಟ್ಟಿಯಲ್ಲಿಲ್ಲ. ಸಾಲ ಮಾಡಿ ಹೋಗುವವರಿಗೆ ಇದು ದೊಡ್ಡ ವ್ಯತ್ಯಾಸ, ಆದ್ದರಿಂದ ಕೋಡ್ ಯಾವುದೆಂದು ಬರಹದಲ್ಲೇ ಉತ್ತರ ಪಡೆ. ಪೂರ್ತಿ ಆನ್‌ಲೈನ್ ಕೋರ್ಸಿಗೆ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ.

ಅರ್ಜಿಗೆ ಮಾದರಿ ಬರಹವಾಗಿ ಕಾಲೇಜಿನ ಪ್ರಬಂಧ ಕಳಿಸಬೇಡ. ತಿಪಟೂರು ಕಡೆಯ ಯಾವುದಾದರೂ ತೆಂಗಿನ ತೋಟಕ್ಕೆ ಹೋಗಿ ಡ್ರಿಪ್ (ಹನಿ ನೀರಾವರಿ) ಫಿಲ್ಟರ್ ತೊಳೆಯುವ ಬಗೆ ಬರೆ. "ಆಗಾಗ ತೊಳೆಯಿರಿ" ಅಂದರೆ ಯಾರಿಗೂ ಉಪಯೋಗವಿಲ್ಲ. ಫಿಲ್ಟರಿನ ಎರಡೂ ಬದಿಯ ಒತ್ತಡ ಅಳೆಯುವ ಗೇಜ್‌ಗಳ ನಡುವೆ ಚದರ ಸೆಂ.ಮೀ.ಗೆ 0.5 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ತೊಳೆಯಬೇಕು. ಮೊದಲು ಮೋಟರ್ ಆಫ್, ಗೇಜ್ ಸೊನ್ನೆಗೆ ಇಳಿಯುವ ತನಕ ಕಾಯುವುದು, ಆಮೇಲೇ ಮುಚ್ಚಳ ಸಡಿಲಿಸುವುದು. ಕಾಯುವ ಮಾತನ್ನು ಮುಚ್ಚಳದ ನಂತರ ಬರೆದರೆ ಒತ್ತಡಕ್ಕೆ ಮುಚ್ಚಳ ಸಿಡಿಯಬಹುದು. ಬರೆದದ್ದನ್ನು ಡ್ರಿಪ್ ಗೊತ್ತಿಲ್ಲದವರ ಕೈಗೆ ಕೊಡು, ತೋಟದವರು ಪಕ್ಕದಲ್ಲಿರಲಿ, ನೀನು ಬಾಯಿ ಬಿಡಬೇಡ. ಅವರು ತಡವರಿಸಿದ ಕಡೆಯೆಲ್ಲ ಗುರುತು ಹಾಕಿ ತಿದ್ದು. ಮೊದಲ ಪ್ರತಿ, ತಿದ್ದಿದ ಪ್ರತಿ ಎರಡನ್ನೂ ಲಗತ್ತಿಸು.

ವಿಭಾಗದಲ್ಲೇ ಪಾಠಕ್ಕೋ ಸಂಶೋಧನೆಗೋ ನೆರವಾಗಿ ಸಂಬಳ ಪಡೆಯುವ ಅಸಿಸ್ಟೆಂಟ್‌ಶಿಪ್ ಎಂ.ಎ. ವಿದ್ಯಾರ್ಥಿಗಳಿಗೂ ಉಂಟೋ, ಪಿಎಚ್.ಡಿ.ಯವರಿಗೆ ಮಾತ್ರವೋ ಕೇಳು. ಅದು ಬೇಕಿದ್ದರೆ ಆಗಸ್ಟ್ ಪ್ರವೇಶಕ್ಕೆ ಹಿಂದಿನ ಡಿಸೆಂಬರ್, ಜನವರಿಯಲ್ಲೇ ಅರ್ಜಿ ಮುಗಿಯುವ ಕಡೆ ಬಹಳ. ಸಿಲಬಸ್‌ಗಳು ಬಂದ ಕೂಡಲೇ ನನಗೂ ಕಳಿಸು, ಕೂತು ನೋಡೋಣ.