ಬಿಸಿಲು ಬರೆದರೆ ಕಥೆಯಾಗದು

ಮಾನ್ಯ ಸಂಪಾದಕರೇ,

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹೊಸ ಕಥೆಗಾರರು ಭಾನುವಾರದ ಪುರವಣಿಗೂ ಕಥಾಸ್ಪರ್ಧೆಗಳಿಗೂ ಬರೆಯುವ ಕಥೆಗಳಲ್ಲಿ ಬಹಳಷ್ಟು ಒಂದೇ ತೆರನಾಗಿ ಶುರುವಾಗುತ್ತವೆ. ನೆತ್ತಿ ಸುಡುವ ಬಿಸಿಲು, ಬಿರುಕು ಬಿಟ್ಟ ಎರೆ ಹೊಲ, ಬೇವಿನ ಗಿಡದ ಬುಡದಲ್ಲಿ ಕೂತ ಮುತ್ಯಾ. ಎಲ್ಲಾ ಖರೆ. ಆದರೆ ಮೂರು ಪ್ಯಾರಾ ಓದಿದರೂ ಯಾರಿಗೆ ಏನು ಬೇಕಾಗಿದೆ ಎಂಬುದೇ ತಿಳಿಯುವುದಿಲ್ಲ. ಬರ, ಗುಳೆ, ಸಾಲ ಈ ನೆಲದ ಸ್ಥಿತಿ. ಅದನ್ನಷ್ಟೇ ಬರೆದರೆ ವರದಿಯಾಗುತ್ತದೆ. ಒಬ್ಬ ಮನುಷ್ಯನಿಗೆ ಒಂದು ವಸ್ತು ಇಂಥ ಹೊತ್ತಿನೊಳಗೇ ಬೇಕಾಗಿ, ಅದಕ್ಕೆ ಇನ್ನೊಬ್ಬ ಮನುಷ್ಯ ಅಡ್ಡ ನಿಂತಾಗ ಕಥೆ ಹುಟ್ಟುತ್ತದೆ. ಇದನ್ನು ಬಿಡಿಸಿ ಹೇಳಲು ಈ ಪತ್ರ.

‘ತೊಗರಿ ಬೆಲೆ ಕುಸಿದು ರೈತ ಕಂಗಾಲಾದ’ ಎಂಬ ವಿಷಯವನ್ನೇ ತೆಗೆದುಕೊಳ್ಳೋಣ. ಇದನ್ನು ಜನವರಿಯ ಒಂದು ದಿನಕ್ಕೆ, ಕಲಬುರಗಿ ಎಪಿಎಂಸಿಯ ಒಂದು ಅಡತ್ (ದಲಾಲಿ) ಅಂಗಡಿಗೆ ಇಳಿಸಬೇಕು. ರೈತ ಐವತ್ತು ಕಿಲೋದ ಹತ್ತು ಚೀಲ ತಂದಿದ್ದಾನೆ. ಕ್ವಿಂಟಲಿಗೆ 7,000 ಸಿಕ್ಕಿತು ಅಂದುಕೊಳ್ಳಿ, ಕೈಗೆ 35,000. ಮಗಳ ನರ್ಸಿಂಗ್ ಕಾಲೇಜಿನ ಫೀ 25,000, ಸಂಜೆ ನಾಲ್ಕರೊಳಗೆ ಕಟ್ಟಬೇಕು. ಬಿತ್ತನೆ ಹೊತ್ತಿನಲ್ಲಿ ಅಡತ್ಯಾ ಕೊಟ್ಟ ಮುಂಗಡ 20,000, ಅವನು ಇವತ್ತೇ ಮುರಿದುಕೊಳ್ಳುತ್ತೇನೆ ಅನ್ನುತ್ತಾನೆ. ಎರಡಕ್ಕೂ ಸೇರಿ ಹತ್ತು ಸಾವಿರ ಕಡಿಮೆ ಬೀಳುತ್ತದೆ. ಕಥೆ ನಿಂತಿರುವುದು ಈ ಹತ್ತು ಸಾವಿರದ ಮೇಲೆ. ಇದೇ ಕೊರತೆ ಒಂದು ಲಕ್ಷವಾದರೆ ರೈತ ಕೈಚೆಲ್ಲುತ್ತಾನೆ, ಐನೂರಾದರೆ ಯಾರೋ ಕೊಟ್ಟುಬಿಡುತ್ತಾರೆ. ಜಗ್ಗಾಡಿದರೆ ಸಿಗಬಹುದು ಎಂಬಷ್ಟೇ ಅಂತರ ಇರಬೇಕು.

ಬಹಳ ಕಥೆಗಳು ಕೆಡುವುದು ಅಡತ್ಯಾನ ಹತ್ತಿರ ಬಂದಾಗ. ಅವನಿಗೆ ದಪ್ಪ ಹೊಟ್ಟೆ, ಬಂಗಾರದ ಚೈನು, ಕ್ರೂರ ನಗು ಕೊಟ್ಟುಬಿಡುತ್ತಾರೆ. ಮೊದಲ ಮಾತಿಗೇ ಓದುಗನಿಗೆ ತೀರ್ಪು ಗೊತ್ತಾಗಿ, ಮುಂದೆ ಓದುವುದಕ್ಕೆ ಏನೂ ಉಳಿಯುವುದಿಲ್ಲ. ಬ್ಯಾಂಕು ಬಾಗಿಲು ಹಾಕಿಕೊಂಡ ಹೊತ್ತಿನಲ್ಲಿ ಒಂದು ಕಾಗದವನ್ನೂ ಕೇಳದೆ ಹಣ ಕೊಟ್ಟವನು ಅವನೇ. ಅವನ ಕಡೆಗೂ ನ್ಯಾಯ ಇರಲಿ. ಇಬ್ಬರೂ ಸರಿ ಇದ್ದು, ಹಣ ಮಾತ್ರ ಒಬ್ಬರಿಗೇ ಸಾಕಾಗುವಷ್ಟಿದ್ದರೆ ಓದುಗ ಹಾಳೆ ಮಡಚುವುದಿಲ್ಲ.

ಪುರವಣಿಯ ಕಥೆಗೆ ಸಾಮಾನ್ಯವಾಗಿ 1,500 ಪದಗಳ ಜಾಗ ಇರುತ್ತದೆ ಅಂದುಕೊಂಡರೆ, ಅದರಲ್ಲಿ ಮೂರು ದೃಶ್ಯಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ರಾಶಿ ಸುರಿದು, ವ್ಯಾಪಾರಿ ಕಾಳನ್ನು ಹಲ್ಲಿನಲ್ಲಿ ಕಡಿದು ಹಸಿ ನೋಡಿ, ದರ ಗೊತ್ತಾಗುವವರೆಗೆ 400 ಪದ. ಅಡತ್ಯಾ ಕೂರುವ ಗದ್ದಿಗೆಯ ಮುಂದೆ ಲೆಕ್ಕಕ್ಕೆ ಕೂತ ದೃಶ್ಯಕ್ಕೆ 700. ಉಳಿದದ್ದು ಅಂಗಡಿಯಿಂದ ಹೊರಬಿದ್ದ ಮೇಲಿನದು. ಹೊಸಬರು ಇದನ್ನು ತಿರುವುಮುರುವು ಮಾಡುತ್ತಾರೆ: ಊರು, ಮನೆತನ, ಮದುವೆ, ಮಗಳು ಹುಟ್ಟಿದ್ದು ಎಲ್ಲಾ ಸಾವಿರ ಪದದಲ್ಲಿ ಹೇಳಿ, ಲೆಕ್ಕದ ದೃಶ್ಯವನ್ನು ‘ಅಡತ್ಯಾ ಒಪ್ಪಲಿಲ್ಲ’ ಎಂಬ ಎರಡೇ ಪದದಲ್ಲಿ ಮುಗಿಸುತ್ತಾರೆ. ಓದುಗ ಕಾದದ್ದು ಆ ಎರಡು ಪದಕ್ಕೇ. ಫೀ ಕಟ್ಟುವ ಗಡುವು ಮೊದಲ ನೂರು ಪದದೊಳಗೆ ಬಂದುಬಿಡಬೇಕು. ಬರದಿದ್ದರೆ ಮೊದಲ ಎರಡು ಪ್ಯಾರಾ ಹೊಡೆದುಹಾಕಿ ಮೂರನೆಯದರಿಂದ ಓದಿ ನೋಡಿ. ಕಥೆ ಅಲ್ಲಿಂದಲೇ ಶುರುವಾಗಿರುತ್ತದೆ.

ಹಾಗಾದರೆ ಹಿಂದಿನದನ್ನು ಹೇಳುವುದೇ ಬೇಡವೇ? ಬೇಕು, ಆದರೆ ಯಾರಾದರೂ ಕೇಳಿದಾಗ. ‘ಬರೇ ಹತ್ತೇ ಚೀಲೇನು ಕಾಕಾ?’ ಎಂದು ಅಡತ್ಯಾ ಕೇಳಲಿ, ‘ನೆಟೆ ಬಿತ್ತ್ರಿ ಸಾವ್ಕಾರ್ರ’ ಎಂದು ರೈತ ಹೇಳಲಿ. ಒಂದು ಹಂಗಾಮಿನ ಕಥೆ ಅಷ್ಟರಲ್ಲೇ ಬಂತು. ಅದಕ್ಕೆ ಒಂದು ನೆನಪು ಸೇರಿಸುವುದಿದ್ದರೆ ಕಣ್ಣಿಗೆ ಕಟ್ಟುವಂತಿರಲಿ. ನೆಟೆ ರೋಗ ತೊಗರಿಗೆ ಹೂ, ಕಾಯಿಯ ಹೊತ್ತಿನಲ್ಲಿ ಬಡಿಯುತ್ತದೆ. ಗಿಡ ನಿಂತಲ್ಲೇ ಒಣಗುತ್ತದೆ, ಕಾಂಡ ಸೀಳಿದರೆ ಒಳಗೆ ಕಂದುಗಪ್ಪು ಗೆರೆ ಕಾಣುತ್ತದೆ. ರೈತ ಒಂದು ಗಿಡ ಸೀಳಿದ, ಆಚೆ ಸಾಲಿನದೊಂದು ಸೀಳಿದ, ಬದುವಿನ ಹತ್ತಿರದ್ದನ್ನೂ ಸೀಳಿದ, ನಾಲ್ಕನೆಯದಕ್ಕೆ ಕೈ ಹಾಕದೆ ಕುಡುಗೋಲನ್ನು ಹೆಗಲಿಗೇರಿಸಿದ. ಇಷ್ಟು ಬರೆದ ಮೇಲೆ ‘ಅವನ ಎದೆ ಒಡೆದುಹೋಯಿತು’ ಎಂಬ ವಾಕ್ಯ ಬೇಕಿಲ್ಲ, ಇದ್ದರೆ ಮೇಲಿನದನ್ನೂ ಕೆಡಿಸುತ್ತದೆ. ಈ ಭಾಗದ ಕಥೆಗಾರರಿಗೆ ಇಂಥ ವಿವರಗಳು ಬೆರಳ ತುದಿಯಲ್ಲಿವೆ. ಅವನ್ನು ಬಿಟ್ಟು ಎಲ್ಲೋ ಓದಿದ ಕಣ್ಣೀರಿನ ವಾಕ್ಯಗಳನ್ನು ತಂದು ಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಾತಿನ ವಿಷಯಕ್ಕೆ ಬಂದರೆ, ಕಲಬುರಗಿಯ ರೈತನ ಬಾಯಲ್ಲಿ ಸಿನಿಮಾದಿಂದ ಕಲಿತ ಧಾರವಾಡದ ‘ಐತಿ’, ‘ಮಾಡಾಕತ್ತೀನಿ’ ಬಂದುಬಿಡುತ್ತವೆ. ಇಲ್ಲಿನವರು ‘ಅದ’ ಅನ್ನುತ್ತಾರೆ, ‘ಮಾಡ್ಲಕತ್ತೀನಿ’ ಅನ್ನುತ್ತಾರೆ. ‘ಜರಾ’, ‘ಜಲ್ದಿ’ ನಡುವೆ ತಾವಾಗಿ ಬರುತ್ತವೆ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನೇ ಕವಿರಾಜಮಾರ್ಗದಲ್ಲಿ, ನಾಡಿನ ಕನ್ನಡಗಳು ಎಷ್ಟು ಬೇರೆ ಬೇರೆ ಎಂದರೆ ಅವನ್ನೆಲ್ಲ ತಿಳಿಯಹೊರಟ ವಾಸುಕಿಗೂ ಬೇಸರವಾದೀತು ಎಂದಿದ್ದಾನೆ. ನೃಪತುಂಗನ ರಾಜಧಾನಿ ಮಾನ್ಯಖೇಟ ಎಂದರೆ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ. ಕಲಬುರಗಿಯ ಗೀತಾ ನಾಗಭೂಷಣ ಅವರು ಇಲ್ಲಿನ ದುಡಿಯುವ ಜನರ ಮಾತನ್ನೇ ನೆಚ್ಚಿ ಬರೆದವರು; 2004ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಾಗೆಂದು ಪ್ರತಿ ಅಕ್ಷರವನ್ನೂ ಉಚ್ಚಾರದಂತೆ ತಿರುಚಿ ಬರೆದರೆ ಮೈಸೂರಿನ ಓದುಗ ಮೊದಲ ಪುಟದಲ್ಲೇ ಸೋಲುತ್ತಾನೆ. ಕ್ರಿಯಾಪದದ ಕೊನೆ, ಕರೆಯುವ ರೀತಿ, ನಾಲ್ಕೈದು ದಿನಬಳಕೆಯ ಪದ, ಇಷ್ಟನ್ನು ಮೊದಲಿಂದ ಕೊನೆವರೆಗೆ ತಪ್ಪದೆ ನಡೆಸಿದರೆ ಸಾಕು.

ಕರೆಯುವ ರೀತಿಯಲ್ಲೇ ಜಗಳವನ್ನು ತೋರಿಸಬಹುದು.

‘ಸಾವ್ಕಾರ್ರ, ಇವತ್ತೊಂದಿನ ಬಿಡ್ರಿ. ಪೋರಿದು ಫೀ ಕಟ್ಟೋದದ.’

‘ಹ್ವಾದ ವರ್ಷಾನೂ ಹಿಂಗೇ ಅಂದಿದ್ದಿ ಕಾಕಾ.’

‘ಹ್ವಾದ ವರ್ಷ ಕೊಟ್ಟೀನಲ್ರಿ.’

‘ಲೆಕ್ಕ ಅಂದ್ರ ಲೆಕ್ಕ.’

ಕೊನೆಯ ಸಾಲಿನಲ್ಲಿ ‘ಕಾಕಾ’ ಇಲ್ಲ. ‘ಎಂದು ಸಿಟ್ಟಿನಿಂದ ಗುಡುಗಿದ’ ಎಂದು ಸೇರಿಸುವ ಅಗತ್ಯವೂ ಇಲ್ಲ.

ದೃಷ್ಟಿಕೋನದ ತಪ್ಪು ಸಣ್ಣದಾಗಿ ಕಂಡರೂ ನಂಬಿಕೆಯನ್ನೇ ಒಡೆಯುತ್ತದೆ. ಕಥೆ ರೈತನ ಕಣ್ಣಿನಿಂದ ನಡೆಯುತ್ತಿದ್ದರೆ ಅಡತ್ಯಾ ‘ಮನಸ್ಸಿನಲ್ಲೇ ಅಂದುಕೊಂಡ’ ಎಂದು ಬರೆಯುವಂತಿಲ್ಲ. ಅವನು ಪೆನ್ನಿನ ಮುಚ್ಚಳ ಹಾಕಿದ್ದು, ಫೋನ್ ತೆಗೆದದ್ದು ಮಾತ್ರ ರೈತನಿಗೆ ಕಾಣುತ್ತದೆ.

ಇನ್ನು ಕೊನೆ. ರೈತನ ಕಥೆ ಎಂದರೆ ಆತ್ಮಹತ್ಯೆಯಿಂದಲೇ ಮುಗಿಯಬೇಕು ಎಂಬ ರೂಢಿ ಬೆಳೆದಿದೆ. ಆ ದುಃಖ ಸುಳ್ಳಲ್ಲ, ಅದನ್ನು ಬರೆಯಬಾರದೆಂದೂ ಅಲ್ಲ. ಆದರೆ ಮುಂದೇನು ಎಂದು ತೋಚದಾಗ ಕಥೆಗಾರ ಪಾತ್ರವನ್ನು ಕೊಂದು ಕೈತೊಳೆದುಕೊಳ್ಳುವುದು ಆ ಜನರಿಗೇ ಮಾಡುವ ಅನ್ಯಾಯ. ಪಾತ್ರ ಏನನ್ನೋ ಆರಿಸಿಕೊಂಡು, ಅದಕ್ಕೆ ಬೆಲೆ ತೆರಬೇಕು. ರೈತ ಅಡತ್ಯಾನ ಕಾಲಿಗೆ ಬಿದ್ದು ಫೀ ಉಳಿಸಿಕೊಳ್ಳಬಹುದು, ಅದನ್ನು ಬಾಗಿಲಲ್ಲಿ ನಿಂತ ಮಗಳು ನೋಡಬಹುದು. ಅಲ್ಲಿಗೆ ನಿಲ್ಲಿಸಬೇಕು. ಅದರ ಕೆಳಗೆ ‘ಶಿಕ್ಷಣವೇ ಬಡವರ ಬೆಳಕು’ ಎಂಬ ಧಾಟಿಯ ಪ್ಯಾರಾ ಇದ್ದರೆ ನಿರ್ದಾಕ್ಷಿಣ್ಯವಾಗಿ ಕತ್ತರಿಸಿ. ಕಳಿಸುವ ಮುನ್ನ ಒಂದು ವಾರ ಎತ್ತಿಟ್ಟು, ಮತ್ತೊಬ್ಬರಿಂದ ಗಟ್ಟಿಯಾಗಿ ಓದಿಸಿ ಕೇಳಿ. ಓದುವವರು ಎಲ್ಲಿ ತಡವರಿಸುತ್ತಾರೋ ಆ ವಾಕ್ಯ ಉದ್ದವಾಗಿದೆ, ಎಲ್ಲಿ ವೇಗ ಹೆಚ್ಚಿಸುತ್ತಾರೋ ಅಲ್ಲಿ ಬೇಸರವಾಗಿದೆ.

ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಸ್ಪರ್ಧೆಯ ಪ್ರಕಟಣೆಯಲ್ಲಿ ‘ಸಾಮಾಜಿಕ ಕಳಕಳಿಯ ಕಥೆಗಳಿಗೆ ಆದ್ಯತೆ’ ಎಂದು ಹಾಕುವುದನ್ನು ದಯವಿಟ್ಟು ಬಿಡಿ. ಆ ಒಂದು ಸಾಲು ನೂರಾರು ಜನರನ್ನು ಭಾಷಣಕ್ಕೆ ಹಚ್ಚುತ್ತದೆ. ಬಹುಮಾನಿತ ಕಥೆಯ ಜೊತೆಗೆ, ಲೇಖಕರ ಒಪ್ಪಿಗೆ ಪಡೆದು, ಅದರ ಒಂದು ಪುಟ ತಿದ್ದುವ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂಬುದನ್ನು ಅಕ್ಕಪಕ್ಕ ಅಚ್ಚು ಹಾಕಿಸಿ. ಕೊನೆಯ ಸುತ್ತಿನವರೆಗೆ ಬಂದು ಬಿಟ್ಟುಹೋದ ಕಥೆಗಳ ಲೇಖಕರಿಗೆ ಎಲ್ಲಿ ಎಡವಿತು ಎಂದು ತೀರ್ಪುಗಾರರಿಂದ ಎರಡು ಸಾಲು ಬರೆಸಿ ಕಳಿಸಿ. ಆಳಂದ, ಔರಾದ, ಶಹಾಪುರದಂಥ ಊರಲ್ಲಿ ಕೂತು ಬರೆಯುವವರಿಗೆ ಅಂಥ ಎರಡು ಸಾಲು ಹೇಳುವವರು ಹತ್ತಿರದಲ್ಲಿ ಸಿಗುವುದು ಕಷ್ಟ.

– ಪುರವಣಿ ಕಥೆಗಳ ಓದುಗರು, ಕಲಬುರಗಿ