ಪ್ರಮೋದನಿಗೆ ಸೋದರತ್ತೆಯ ಕಾಗದ

ಮೈಸೂರು
12-12-2021

ಚಿ|| ಪ್ರಮೋದನಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಫೋನಿನಲ್ಲಿ ಹೇಳಿದರೆ ನೀನು "ಹ್ಞೂಂ ಅತ್ತೆ, ಹ್ಞೂಂ ಅತ್ತೆ" ಅಂತ ಲ್ಯಾಪ್‌ಟಾಪ್ ನೋಡುತ್ತಾ ಕೂತಿರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಓದಿ, ಪಾಸ್‌ಪೋರ್ಟ್ ಇಟ್ಟಿರುವ ಫೈಲಿನಲ್ಲೇ ಇಟ್ಟುಕೋ.

ಜನವರಿ 5ರ ಬೆಳಗಿನ ಜಾವದ ವಿಮಾನ, ಫ್ರಾಂಕ್‌ಫರ್ಟ್ ಮೇಲೆ ಅಮೆರಿಕದ ಡಲ್ಲಾಸ್, ಕಾಲೇಜಿನ ಕ್ಲಾಸು 18ಕ್ಕೆ ಶುರು ಅಂತ ಅಣ್ಣ ಹೇಳಿದ. ಅಷ್ಟು ಮುಂಚೆ ಹೋಗಿ ಬಾಡಿಗೆ ಯಾಕೆ ದಂಡ ಎಂದು ಅತ್ತಿಗೆಗೆ ಕೊರಗು. ನನ್ನನ್ನು ಕೇಳಿದರೆ ನೀನು ಮಾಡಿದ್ದೇ ಸರಿ. ನಿನ್ನ ವೀಸಾಕ್ಕೆ ಕ್ಲಾಸಿಗಿಂತ 30 ದಿನ ಮುಂಚೆಯೇ ಒಳಗೆ ಬಿಡುತ್ತಾರೆ. ಹೊರಡುವ ಹೊತ್ತಿಗೆ ಕೋವಿಡ್ ಪಾಸಿಟಿವ್ ಬಂದಿತು ಅಂತಿಟ್ಟುಕೋ. ಹತ್ತು ದಿನ ಕೋಣೆಯಲ್ಲಿ ಕೂತೆದ್ದರೂ ಕ್ಲಾಸು ಕೈತಪ್ಪುವುದಿಲ್ಲ. ತಾರೀಕು ಬದಲಾಯಿಸಬಹುದಾದ ಟಿಕೆಟ್ಟೇ ತಾನೇ ತೆಗೆದದ್ದು? ಒಮ್ಮೆ ನೋಡು.

ಈಗ ನನ್ನ ಮಾನ ಹೋದ ಕಥೆ ಕೇಳು. ನಿಮ್ಮ ಅಪ್ಪನಿಗೂ ಪೂರ್ತಿ ಹೇಳಿಲ್ಲ.

ಅಕ್ಟೋಬರಿನಲ್ಲಿ ನಾನು ಮಗಳ ಮನೆಗೆ ದುಬೈಗೆ ಹೊರಟೆನಲ್ಲ, ಮೂರು ದಿನ ತಡವಾಗಿ ಹೋದದ್ದು "ಟಿಕೆಟ್ ಸಮಸ್ಯೆ" ಅಂತ ಎಲ್ಲರಿಗೂ ಹೇಳಿದ್ದೆ. ಸುಳ್ಳು. ಕೋವಿಡ್ ಇಲ್ಲ ಅನ್ನುವ, 48 ಗಂಟೆಯೊಳಗಿನ ಆರ್‌ಟಿಪಿಸಿಆರ್ ರಿಪೋರ್ಟ್ ಬೇಕಿತ್ತು. ಮಾಡಿಸಿದ್ದೆ. ನೆಗೆಟಿವ್ ಅಂತಲೂ ಬಂದಿತ್ತು. ಏರ್‌ಪೋರ್ಟಿನಲ್ಲಿ ರಾತ್ರಿ ಒಂದೂವರೆಗೆ ಕೌಂಟರಿನ ಹುಡುಗಿ ರಿಪೋರ್ಟನ್ನೂ ಪಾಸ್‌ಪೋರ್ಟನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ತೋರಿಸಿದಳು. ಪಾಸ್‌ಪೋರ್ಟ್ ನಂಬರಿನ ಕೊನೆಯ ಎರಡು ಅಂಕಿ ಹಿಂದುಮುಂದು. ಲ್ಯಾಬಿಗೆ ಫೋನು ಮಾಡಿದೆ. ಆ ಹೊತ್ತಿನಲ್ಲಿ ಯಾರು ಎತ್ತುತ್ತಾರೆ? ಸೂಟ್‌ಕೇಸಿನಲ್ಲಿದ್ದ ಚಟ್ನಿಪುಡಿ, ಹುರಿಗಾಳು ಸಮೇತ ಟ್ಯಾಕ್ಸಿ ಹತ್ತಿ ವಾಪಸು ಬಂದೆ. 29 ವರ್ಷ ಲ್ಯಾಬಿನಲ್ಲಿ ಕೂತು ಕಂಡವರ ಟ್ಯೂಬಿನ ಲೇಬಲ್ಲನ್ನೆಲ್ಲ ಎರಡೆರಡು ಸಲ ಓದಿದವಳು, ನನ್ನದನ್ನು ಒಂದು ಸಲವೂ ಓದಲಿಲ್ಲ. "ನೆಗೆಟಿವ್" ಅನ್ನುವ ಒಂದೇ ಪದ ನೋಡಿ ಫೋನು ಮುಚ್ಚಿಟ್ಟಿದ್ದೆ.

ಆದ್ದರಿಂದ ಮೊದಲು ಹೆಸರಿಗೆ ಬರೋಣ. ಆಧಾರಿನಲ್ಲಿ, ಅದರಿಂದ ಲಸಿಕೆಯ ಸರ್ಟಿಫಿಕೇಟಿನಲ್ಲೂ, ನೀನು ಪ್ರಮೋದ್ ಎಚ್. ಎನ್. ಪಾಸ್‌ಪೋರ್ಟಿನಲ್ಲಿ ಪ್ರಮೋದ್ ಹೊಳೆನರಸೀಪುರ ನಾಗರಾಜ್. ನಮಗೆ ಊರು, ಅಪ್ಪ ಎಲ್ಲ ಸೇರಿ ಎರಡು ಇನಿಷಿಯಲ್ ಆಗುತ್ತದೆ. ಡಲ್ಲಾಸಿನಲ್ಲಿ ಕೂತವನಿಗೆ ಇದು ಹೇಗೆ ಗೊತ್ತಾಗಬೇಕು? ಅವನಿಗೆ ಇಬ್ಬರು ಬೇರೆ ಬೇರೆ ಮನುಷ್ಯರ ಹಾಗೆ ಕಾಣುತ್ತದೆ. ಸರ್ಕಾರದ ಲಸಿಕೆ ವೆಬ್‌ಸೈಟ್ ಕೋವಿನ್‌ನಲ್ಲಿ ಹೆಸರು ತಿದ್ದಬಹುದು, ಪಾಸ್‌ಪೋರ್ಟ್ ನಂಬರ್ ಸೇರಿಸಬಹುದು. ಆದರೆ ತಿದ್ದಲು ಸಿಗುವುದು ಒಂದೇ ಅವಕಾಶ. ಆತುರದಲ್ಲಿ ಮೊಬೈಲಿನಲ್ಲಿ ಒತ್ತಬೇಡ. ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ನೋಡಿ ಹಾಕು. ಪೂರ್ತಿ ಹುಟ್ಟಿದ ತಾರೀಕು ಇರುವ, ಹೊರದೇಶಕ್ಕೆಂದೇ ಕೊಡುವ ಸರ್ಟಿಫಿಕೇಟನ್ನು ಇಳಿಸಿಕೋ. ಎರಡು ಪ್ರಿಂಟ್ ತೆಗೆ. ಮೊಬೈಲ್ ಚಾರ್ಜ್ ಮುಗಿದರೆ ಯಾವ ದೇಶದ ಆಫೀಸರೂ ಕಾಯುವುದಿಲ್ಲ.

ಲಸಿಕೆಯ ಲೆಕ್ಕ ನಿನ್ನದು ಸರಿಯಾಗಿದೆ. ಕೋವಿಶೀಲ್ಡ್ ಮೊದಲನೆಯದು ಆಗಸ್ಟ್ 28, 84 ದಿನಕ್ಕೆ ನವೆಂಬರ್ 20ರಂದು ಎರಡನೆಯದು. ಅದಾಗಿ 14 ದಿನ ಕಳೆದರೇನೇ ಅಮೆರಿಕದವರ ಲೆಕ್ಕದಲ್ಲಿ ಲಸಿಕೆ ಪೂರ್ತಿಯಾದಂತೆ. ಅದೂ ಮುಗಿಯಿತು. ಕೋವ್ಯಾಕ್ಸಿನ್ ಹಾಕಿಸಿಕೊಂಡ ಮಕ್ಕಳ ಪಾಡು ಈ ವರ್ಷ ಏನಾಯಿತು ಗೊತ್ತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪಟ್ಟಿಗೆ ಸೇರಿಸಿದ್ದು ನವೆಂಬರ್ 3ಕ್ಕೆ. ಅಲ್ಲಿಯವರೆಗೆ ಎಷ್ಟೋ ಕಾಲೇಜಿನವರು "ಬಂದು ಇನ್ನೊಂದು ಹಾಕಿಸಿಕೊಳ್ಳಿ" ಅಂದರು. ಲಸಿಕೆಯಲ್ಲಿ ದೋಷವಿತ್ತು ಅಂತಲ್ಲ, ಕಾಗದ ಇನ್ನೂ ಮುಗಿದಿರಲಿಲ್ಲ.

ಟೆಸ್ಟಿನ ದಿನದ ವಿಷಯ ಗಮನ ಇಟ್ಟು ಓದು. ಇಲ್ಲೇ ಜನ ಮುಗ್ಗರಿಸುವುದು. ಅಮೆರಿಕಕ್ಕೆ ಹೋಗಲು ಲಸಿಕೆ ಆದವರಿಗೆ ಮೊದಲು ಮೂರು ದಿನದ ಹಿಂದಿನ ಟೆಸ್ಟ್ ನಡೆಯುತ್ತಿತ್ತು. ಇದೇ 6ನೇ ತಾರೀಕಿನಿಂದ ಎಲ್ಲರಿಗೂ ಹೊರಡುವ ಹಿಂದಿನ ಒಂದು ದಿನದೊಳಗಿನದೇ ಬೇಕು. ಅದು ಗಂಟೆಯ ಲೆಕ್ಕವಲ್ಲ, ತಾರೀಕಿನ ಲೆಕ್ಕ. ನಿನ್ನ ವಿಮಾನ 5ರ ಬೆಳಗಿನ ಜಾವ. ನಾವೆಲ್ಲ "4ನೇ ತಾರೀಕು ರಾತ್ರಿ ಹೊರಡ್ತಾನೆ" ಅಂತಲೇ ಮಾತಾಡುತ್ತೇವೆ. ಹಾಗಂದುಕೊಂಡು 3ರ ಸಂಜೆ ಸ್ಯಾಂಪಲ್ ಕೊಟ್ಟೆಯೋ, ಕೆಟ್ಟೆ. 4ನೇ ತಾರೀಕು ಮಂಗಳವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುವ ಹೊತ್ತಿಗೆ ನೀನು ಅಲ್ಲಿರಬೇಕು. ಸಂಜೆಯೊಳಗೆ ರಿಪೋರ್ಟ್ ಕೊಡುತ್ತೀರಾ ಅಂತ ಈಗಲೇ ಹೋಗಿ ಕೇಳಿ ಬಾ. ಕೈಕೊಟ್ಟರೆ ಅದೇ ದಿನ ಲ್ಯಾಬಿನಲ್ಲಿ ಆಂಟಿಜೆನ್ ಮಾಡಿಸು. ಅಮೆರಿಕದವರು ಅದನ್ನೂ ಒಪ್ಪುತ್ತಾರೆ, ಅರ್ಧ ಗಂಟೆಯಲ್ಲಿ ಫಲಿತಾಂಶ ಸಿಗುತ್ತದೆ. ಮನೆಯಲ್ಲಿ ನೀನೇ ಮೂಗಿಗೆ ಕಡ್ಡಿ ಹಾಕಿಕೊಂಡು ಫೋಟೋ ತೆಗೆದರೆ ಆಗುವುದಿಲ್ಲ. ಫ್ರಾಂಕ್‌ಫರ್ಟಿನಲ್ಲಿ ಮತ್ತೆ ಟೆಸ್ಟ್ ಬೇಕಾ ಅಂತ ಕೇಳಿದ್ದೆ. ಪೂರ್ತಿ ಪ್ರಯಾಣ ಒಂದೇ ಬುಕಿಂಗಿನಲ್ಲಿದ್ದು, ನಡುವೆ 24 ಗಂಟೆಗಿಂತ ಜಾಸ್ತಿ ನಿಲ್ಲದಿದ್ದರೆ ಬೆಂಗಳೂರಿನದೇ ಸಾಕು.

ಸ್ಯಾಂಪಲ್ ಕೊಡುವಾಗ ತಲೆ ಹಿಂದಕ್ಕೆ ವಾಲಿಸಿ ಗಟ್ಟಿಯಾಗಿ ಕೂರು. ಕಡ್ಡಿ ಮೂಗಿನ ಹಿಂದಿನ ಗೋಡೆ ಮುಟ್ಟಬೇಕು. ಕಣ್ಣಲ್ಲಿ ನೀರು ಬಂದರೆ ತೆಗೆಯುವವನು ಸರಿಯಾಗಿ ತೆಗೆದ ಅಂತ ಅರ್ಥ. ಸುಮ್ನೆ ಮೂಗಿನ ತುದಿಗೆ ಸವರಿದರೆ "ಅಣ್ಣಾ, ಸರಿಯಾಗಿ ತೆಗಿ" ಅನ್ನು. ಕಡ್ಡಿಯನ್ನು ಗುಲಾಬಿ ನೀರಿನ ಟ್ಯೂಬಿಗೆ ಹಾಕಿ ತುದಿ ಮುರಿಯುತ್ತಾರೆ. ಆಗ ಟ್ಯೂಬಿನ ಮೇಲಿನ ಹೆಸರು ಓದು. ಅವರು ಟೈಪ್ ಮಾಡುವಾಗ ಸ್ಕ್ರೀನ್ ತೋರಿಸಿ ಅಂತ ಕೇಳು. ಬೈದರೆ ಬೈಸಿಕೋ.

ಈಗ ಅತ್ತಿಗೆಗೆ ಸಿಟ್ಟು ಬರುವ ಮಾತು. ಹೊರಡುವ ಮುಂಚಿನ ಹತ್ತು ದಿನ ನೀನು ಯಾರ ಮನೆಗೂ ಊಟಕ್ಕೆ ಹೋಗಬೇಡ. ಅರಸೀಕೆರೆ ಚಿಕ್ಕಪ್ಪನ ಮನೆಯ ಒಬ್ಬಟ್ಟು, ಸ್ನೇಹಿತರ ಪಾರ್ಟಿ, ಧರ್ಮಸ್ಥಳದ ಹರಕೆ, ಯಾವುದೂ ಬೇಡ. ಹರಕೆ ಇದೇ ವಾರ ಮುಗಿಸಿ ಬಾ, ಮಂಜುನಾಥ ಬೇಡ ಅನ್ನುವುದಿಲ್ಲ. ಜನವರಿ 2ರ ಭಾನುವಾರ ಯಾರದೋ ಮನೆಯ ಊಟದಲ್ಲಿ ಅಂಟಿಸಿಕೊಂಡರೆ 4ಕ್ಕೆ ಟೆಸ್ಟಿನಲ್ಲಿ ಏನೂ ಕಾಣದೇ ಇರಬಹುದು. ವೈರಸ್ ಆಗಿನ್ನೂ ಒಳಗೆ ಬೇರು ಬಿಡುತ್ತಿರುತ್ತದೆ. ಕೈಯಲ್ಲಿ ನೆಗೆಟಿವ್ ಕಾಗದ ಹಿಡಿದು, ಮೂಗಿನಲ್ಲಿ ರೋಗ ಇಟ್ಟುಕೊಂಡು ವಿಮಾನ ಹತ್ತುತ್ತೀಯ. ಲಸಿಕೆ ಆಗಿದೆಯಲ್ಲ ಅನ್ನಬೇಡ. ಲಸಿಕೆ ನಿನ್ನನ್ನು ಐಸಿಯು ಬಾಗಿಲಿಂದ ದೂರ ಇಡುತ್ತದೆ. ಅಂಟುವುದನ್ನಾಗಲಿ, ನೀನು ಬೇರೆಯವರಿಗೆ ಅಂಟಿಸುವುದನ್ನಾಗಲಿ ಪೂರ್ತಿ ತಡೆಯುವುದಿಲ್ಲ. ಇದೇ ಡಿಸೆಂಬರ್ 2ಕ್ಕೆ ಕೋವಿಡ್ಡಿನ ಹೊಸ ರೂಪ ಓಮೈಕ್ರಾನಿನ ದೇಶದ ಮೊದಲ ಎರಡು ಕೇಸು ನಿಮ್ಮ ಬೆಂಗಳೂರಿನಲ್ಲೇ ಸಿಕ್ಕಿವೆ ಅಂದರಲ್ಲ, ಇಬ್ಬರಿಗೂ ಲಸಿಕೆ ಆಗಿತ್ತು. ಅವರಲ್ಲಿ ಒಬ್ಬರು ಡಾಕ್ಟರು, ವಿದೇಶಕ್ಕೆ ಹೋಗಿ ಬಂದವರೂ ಅಲ್ಲ. ಮನೆಯಲ್ಲಿ ಅಮ್ಮ, ಅಂದರೆ ನಿನ್ನ ಅಜ್ಜಿ ಇದ್ದಾರೆ, 82 ವರ್ಷ. ನೀನು ಹೋದ ಮೇಲೆ ನಿನ್ನ ಹಾಸಿಗೆ ಮಡಿಸಿಡುವುದು ಅವರೇ. ನೆಂಟರು ಬೇಜಾರು ಮಾಡಿಕೊಂಡರೆ ನನ್ನ ಹೆಸರು ಹೇಳು. ನನ್ನ ಮೇಲೆ ಅವರಿಗೆ ಹಳೆಯ ಬೇಜಾರುಗಳು ಹೇಗೂ ಇವೆ, ಇದೊಂದು ಜಾಸ್ತಿ.

ಅಣ್ಣ ಮೊನ್ನೆ ಇನ್ನೊಂದು ಮಾತು ಆಡಿದ. ಪಾಸಿಟಿವ್ ಬಂದರೆ ನೆಗೆಟಿವ್ ಮಾಡಿಕೊಡುವವರೊಬ್ಬರು ಪರಿಚಯ ಇದ್ದಾರಂತೆ. ಆ ದಾರಿ ತುಳಿಯಬೇಡ ಕಣೋ. ಸಿಕ್ಕಿಬಿದ್ದರೆ ವೀಸಾ ಹೋದೀತು, ಅದು ನಿನಗೇ ಗೊತ್ತು. ನನ್ನ ಕಣ್ಣಿಗೆ ಕಟ್ಟುವುದು ಬೇರೆ. ಒಂಬತ್ತು ಗಂಟೆ ನಿನ್ನ ಪಕ್ಕದ ಸೀಟಿನಲ್ಲಿ ಕೂರುವವರು ಯಾರೋ, ಅವರ ಮನೆಯಲ್ಲಿ ಯಾರಿದ್ದಾರೋ. ಮೇ ತಿಂಗಳಲ್ಲಿ ನಾನು ಬೆಳಗಿನಿಂದ ರಾತ್ರಿಯವರೆಗೆ ಪಾಸಿಟಿವ್ ಅಂತ ಬರೆದು ಬರೆದು ಕೈ ಸೋತಿತ್ತು. ಆ ಒಂದೊಂದು ಹೆಸರೂ ಯಾರದೋ ಮನೆಯದಾಗಿತ್ತು. ರಿಟೈರಾದವಳನ್ನು ಮತ್ತೆ ಕರೆಸಿದ್ದೇ ಆ ಕೆಲಸಕ್ಕೆ.

ಪಾಸಿಟಿವ್ ಬಂದರೆ ದಾರಿ ಇದೆ. ಪಿಸಿಆರ್ ಯಂತ್ರ ಪ್ರತಿ ಸುತ್ತಿಗೂ ಸ್ಯಾಂಪಲಿನಲ್ಲಿರುವ ವೈರಸ್ಸಿನ ಅಂಶವನ್ನು ಎರಡರಷ್ಟು ಮಾಡುತ್ತಾ ಹೋಗುತ್ತದೆ. ನಮ್ಮಲ್ಲಿ 35 ಸುತ್ತಿನೊಳಗೆ ಸಿಕ್ಕರೆ ಪಾಸಿಟಿವ್ ಅಂತ ಬರೆಯುತ್ತೇವೆ. ಅದಕ್ಕೆ ಸತ್ತ ವೈರಸ್ಸಿನ ಚೂರೂ ಸಿಗುತ್ತದೆ. ಜಾತ್ರೆ ಮುಗಿದು ಜನ ಹೋದರೂ ಎಂಜಲೆಲೆ ಉಳಿದಿರುತ್ತದಲ್ಲ, ಹಾಗೆ. ಹುಷಾರಾಗಿ ಕೆಲವು ವಾರವಾದರೂ ಪಾಸಿಟಿವ್ ಬರಬಹುದು. ಅಂಥವರಿಗಾಗಿ ಅಮೆರಿಕದವರು ಬೇರೆ ಕಾಗದ ಒಪ್ಪುತ್ತಾರೆ. 90 ದಿನದೊಳಗಿನ ಪಾಸಿಟಿವ್ ರಿಪೋರ್ಟು, ಜೊತೆಗೆ ಪ್ರಯಾಣ ಮಾಡಬಹುದು ಎಂದು ಡಾಕ್ಟರು ಬರೆದ ಪತ್ರ. ಹಾಗಾಗಿ ಪಾಸಿಟಿವ್ ರಿಪೋರ್ಟ್ ಬಂದರೆ ಸಿಟ್ಟಿನಲ್ಲಿ ಹರಿದು ಹಾಕಬೇಡ.

ಕಾಲೇಜಿನವರು ಕೋವಿಡ್ ಒಂದನ್ನೇ ಕೇಳುವುದಿಲ್ಲ, ಅವರ ಪಟ್ಟಿ ತೆಗೆದು ನೋಡು. ದಡಾರ, ಮಂಗನಬಾವು, ರುಬೆಲ್ಲಾಕ್ಕೆ ಹಾಕುವ ಎಂಎಂಆರ್ ಲಸಿಕೆ ಎರಡು ಡೋಸ್ ಕೇಳಿದ್ದರೆ ನಡುವೆ 28 ದಿನ ಬೇಕು. ಮೊದಲನೆಯದನ್ನು ನಾಳೆಯೇ ಹಾಕಿಸಿಕೊಂಡರೂ ಎರಡನೆಯದು ಅಲ್ಲೇ. ಟಿಬಿ ಟೆಸ್ಟಿಗೆ ತೋಳಿಗೆ ಚುಚ್ಚುವ ಬದಲು ರಕ್ತದ ಟೆಸ್ಟ್ ಮಾಡಿ ಅಂತ ಕೇಳು. ಚಿಕ್ಕಂದಿನಲ್ಲಿ ಹಾಕಿದ ಟಿಬಿ ಲಸಿಕೆ ಬಿಸಿಜಿಯಿಂದಲೂ ಚುಚ್ಚಿದ ಜಾಗ ಊದಬಹುದು. ಆಮೇಲೆ ಅಲ್ಲಿ ಎಕ್ಸ್‌ರೇ, ವಿಚಾರಣೆ ಅಂತ ಅಲೆಯಬೇಕು.

ಹೋಗಿ ಇಳಿದ ಮೇಲೆ ಮೂರರಿಂದ ಐದು ದಿನದೊಳಗೆ ಇನ್ನೊಂದು ಟೆಸ್ಟ್ ಮಾಡಿಸಿಕೋ ಅನ್ನುತ್ತಾರೆ. ಕಡ್ಡಾಯವಿಲ್ಲ. ನೀನು ಮಾಡಿಸು, ರೂಮಿನಲ್ಲಿ ಇನ್ನೂ ಮೂವರಿದ್ದಾರೆ.

ನಿನ್ನನ್ನು ಕಳಿಸಲು ನಾನು ಏರ್‌ಪೋರ್ಟಿಗೆ ಬರುವುದಿಲ್ಲ. ಬೇಜಾರಾಗಬೇಡ, ಹತ್ತು ದಿನದ ಮಾತು ನನಗೂ ಅನ್ವಯ. 4ನೇ ತಾರೀಕು ಸಂಜೆ ರಿಪೋರ್ಟ್ ಬಂದ ಕೂಡಲೇ ಪಾಸ್‌ಪೋರ್ಟಿನ ಮೊದಲ ಪುಟದ ಜೊತೆ ನನಗೆ ವಾಟ್ಸಾಪ್ ಮಾಡು. ಕನ್ನಡಕ ಹಾಕಿಕೊಂಡು ಕಾದಿರುತ್ತೇನೆ. ನಾನು ಓದಿ "ಸರಿ" ಅಂದ ಮೇಲೆ ಟ್ಯಾಕ್ಸಿ ಹತ್ತು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಅತ್ತೆ

ತಾ.ಕ.: ಚಟ್ನಿಪುಡಿ ಪಾರ್ಸೆಲ್ ಮಾಡಿದ್ದೇನೆ. ಬಂದ ತಕ್ಷಣ ಇನ್ನೊಂದು ಕವರಿಗೆ ಹಾಕಿ ಗಂಟು ಬಿಗಿ. ದುಬೈಗೆ ಒಯ್ದದ್ದು ಸೀರೆಗೆಲ್ಲ ಚೆಲ್ಲಿತ್ತು.